ಕ್ಯಾಲೆಂಡರಿಗೆ ಅಂಟಿಸಿದ ದಾರಗಳು: ರೋಸಿಯ ಗಂಟು ಮತ್ತು ನಮ್ಮ ಐದು ತಿಂಗಳು

ರೋಸಿ ನಮ್ಮ ಮನೆಯ ಬಿಳಿ ನಾಯಿ. ಊರಲ್ಲಿ ಎಲ್ಲರೂ ಪಾಮೇರಿಯನ್ ಎನ್ನುತ್ತಾರೆ. ನಮ್ಮ ಕಡೆ ಪಾಮೇರಿಯನ್ ಅಂತ ಕರೆಸಿಕೊಳ್ಳುವ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್, ಇವಳೂ ಅದೇ. ಗಂಟು ಸಿಕ್ಕಾಗ ಒಂಬತ್ತು ವರ್ಷ, ತೂಕ ಒಂಬತ್ತೂವರೆ ಕಿಲೋ. ಒಂದೇ ಸಲ ಮರಿ ಹಾಕಿದ್ದಳು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿರಲಿಲ್ಲ. ಯಾಕೆ ಮಾಡಿಸಲಿಲ್ಲ ಎಂದರೆ ಉತ್ತರವಿಲ್ಲ. ಸುಮ್ನೆ ಬಿಟ್ಟಿದ್ದೆವು, ಅಷ್ಟೇ.

ಮನೆ ಇರುವುದು ಸಾಗರ ತಾಲ್ಲೂಕಿನಲ್ಲಿ, ಅಡಿಕೆ ತೋಟದ ನಡುವೆ. ಊರಿನ ಪಶು ಆಸ್ಪತ್ರೆಯ ಡಾಕ್ಟರ್ ನೋಡುವುದು ಹೆಚ್ಚಾಗಿ ದನ ಎಮ್ಮೆಗಳನ್ನು. ನಾಯಿಗೆ ಎಕ್ಸ್‌ರೇ, ದೊಡ್ಡ ಆಪರೇಷನ್ ಅಂದರೆ ಶಿವಮೊಗ್ಗಕ್ಕೆ ಹೋಗಬೇಕು, ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಇನ್ನೊಂದು ಮಾತನ್ನೂ ಹೇಳಬೇಕು. ಕ್ಯಾನ್ಸರ್‌ಗೆ ನಾಟಿ ಔಷಧಿ ಹುಡುಕಿಕೊಂಡು ನಮ್ಮ ತಾಲ್ಲೂಕಿಗೆ ಹೊರ ರಾಜ್ಯದ ನಂಬರಿನ ಕಾರುಗಳು ಬರುವುದನ್ನು ನೋಡುತ್ತಲೇ ಬೆಳೆದವರು ನಾವು. ರೋಸಿಗೆ ಔಷಧಿ ತಂದಿದ್ದು ಅಲ್ಲಿಂದಲ್ಲ. ಆದರೆ ಕ್ಯಾನ್ಸರ್ ಅಂದ ಕೂಡಲೇ ಬೇರು, ತೊಗಟೆ ನೆನಪಾಗುವುದು ನಮ್ಮ ಮನೆಯಲ್ಲಿ ವಿಚಿತ್ರವೇನಲ್ಲ.

2021ರ ಜುಲೈಯಲ್ಲಿ ರೋಸಿ ಬೆದೆಗೆ ಬಂದಿದ್ದಳು. ಸೆಪ್ಟೆಂಬರ್ ಹೊತ್ತಿಗೆ ಬಸುರಿ ಅಲ್ಲದಿದ್ದರೂ ಬಸುರಿಯ ಹಾಗೆ ಆಡತೊಡಗಿದಳು. ಅಪ್ಪನ ಒಂದು ಹವಾಯಿ ಚಪ್ಪಲಿಯನ್ನು ಮಂಚದ ಕೆಳಗೆ ಎಳೆದುಕೊಂಡು ಹೋಗಿ, ಮರಿಯೆಂಬಂತೆ ಹೊಟ್ಟೆಗೆ ಒತ್ತಿಕೊಂಡು ಕಾಯುತ್ತಿದ್ದಳು. ಯಾರಾದರೂ ಬಗ್ಗಿ ನೋಡಿದರೆ ಗುರ್ ಎನ್ನುತ್ತಿದ್ದಳು. ಮೊಲೆಗಳು ಊದಿ ಹಾಲೂ ಬಂದಿತ್ತು. ಹೀಗಾಗುವುದು ಹೆಣ್ಣು ನಾಯಿಗಳಲ್ಲಿ ಮಾಮೂಲಿ. ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಅಮ್ಮ ಚಪ್ಪಲಿ ಬಿಡಿಸಿಕೊಳ್ಳಲು ಹೋದಾಗ ಎಡಗಡೆಯ ಕೊನೆಯ ಮೊಲೆಯ ಪಕ್ಕ ಕೈಗೆ ಏನೋ ಸಿಕ್ಕಿತು. ಕಡಲೆ ಕಾಳಿನಷ್ಟು ಗಟ್ಟಿ.

ನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆ. ಗಡ್ಡೆಗಳು ಜಾಸ್ತಿ ಏಳುವುದು ಹಿಂಗಾಲಿನ ಹತ್ತಿರದ ಕೊನೆಯ ಎರಡು ಜೊತೆಗಳಲ್ಲಿ. ಹೆಚ್ಚೂಕಡಿಮೆ ಅರ್ಧದಷ್ಟು ಗಂಟುಗಳು ಅಪಾಯ ಇಲ್ಲದವು, ಉಳಿದರ್ಧ ಕ್ಯಾನ್ಸರ್. ಮುಟ್ಟಿ ನೋಡಿ ಯಾವುದು ಯಾವುದೆಂದು ಹೇಳಲು ಆಗುವುದಿಲ್ಲ. ಆದರೆ ಮೂರು ಸೆಂಟಿಮೀಟರ್ ದಾಟುವ ಮೊದಲೇ ತೆಗೆಸಿದರೆ ಫಲ ಚೆನ್ನಾಗಿರುತ್ತದೆ ಎಂಬುದು ಪಶುವೈದ್ಯರೆಲ್ಲ ಒಪ್ಪುವ ಮಾತು. ನಮ್ಮೂರಿನ ಡಾಕ್ಟರ್ ಅವತ್ತೇ ಇದನ್ನು ಹೇಳಿದ್ದರು. "ಯಜಮಾನ್ರೇ, ಇದು ಸಣ್ಣದಿರುವಾಗಲೇ ತೆಗೆಸಿಬಿಡಿ. ಶಿವಮೊಗ್ಗಕ್ಕೆ ಬರೆದುಕೊಡ್ತೇನೆ." ಚೀಟಿಯನ್ನೂ ಬರೆದುಕೊಟ್ಟರು. ಅದು ಅಡುಗೆಮನೆಯ ಡಬ್ಬಿಯ ಕೆಳಗೆ ಐದು ತಿಂಗಳು ಕೂತಿತ್ತು.

ಯಾಕೆ ಹೋಗಲಿಲ್ಲ

ಅಪ್ಪನಿಗೆ ಅರಿವಳಿಕೆಯ ಭಯ. ಒಂಬತ್ತು ವರ್ಷದ ನಾಯಿ, ತಡೆದುಕೊಳ್ಳುತ್ತಾ ಎಂದು. ಅಮ್ಮನ ಭಯ ಬೇರೆ: "ಕತ್ತಿ ಮುಟ್ಟಿಸಿದರೆ ಅದು ಹರಡ್ತದೆ." ಈ ಮಾತನ್ನು ಮನುಷ್ಯರ ವಿಷಯದಲ್ಲೂ ನೀವು ಕೇಳಿರುತ್ತೀರಿ. ಅದು ಎಲ್ಲಿಂದ ಬಂತು ಎಂದು ಯೋಚಿಸಿದರೆ ಅರ್ಥವಾಗುತ್ತದೆ. ಹಳ್ಳಿಯಲ್ಲಿ ಆಪರೇಷನ್‌ಗೆ ಹೋಗುವುದೇ ಕೊನೆಯಲ್ಲಿ, ಅಷ್ಟು ಹೊತ್ತಿಗೆ ಅದು ಆಗಲೇ ಹರಡಿರುತ್ತದೆ. ಆಮೇಲೆ ನಾಲ್ಕು ತಿಂಗಳಲ್ಲಿ ಹೋದರೆ ತಪ್ಪು ಕತ್ತಿಯ ಮೇಲೆ. ನಾನು ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಇಂಟರ್ನೆಟ್ಟಿನಲ್ಲಿ ಓದಲು ಬರುವವರು ನಾನು ಮತ್ತು ಬೆಂಗಳೂರಿನಲ್ಲಿದ್ದ ಅಣ್ಣ. ಅಪ್ಪ ಅಮ್ಮನನ್ನು ಒಪ್ಪಿಸಬೇಕಾದವರು ನಾವು. ಒಪ್ಪಿಸುವ ಬದಲು ಅಣ್ಣ ಪುಡಿಗಳನ್ನು ಕಳಿಸಿದ, ನಾನು ಚಮಚದಲ್ಲಿ ಅಳೆದೆ.

ಮೊದಲು ಶುರುವಾಗಿದ್ದು ಲೇಪ. ಹಸುವಿಗೆ ಕೆಚ್ಚಲು ಬಾವು ಬಂದರೆ ಹಚ್ಚುವ ಒಂದು ಔಷಧಿ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ, ನುಣ್ಣಗೆ ರುಬ್ಬಿ ದಿನಕ್ಕೆ ಹಲವು ಸಲ ಹಚ್ಚುವುದು. ಇದು ಅಜ್ಜಿ ಕಾಲದ ಮಾತಷ್ಟೇ ಅಲ್ಲ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ರೈತರಿಗೆ ಇದನ್ನು ಹೇಳಿಕೊಡುತ್ತದೆ. ನಮ್ಮ ಕೊಟ್ಟಿಗೆಯಲ್ಲೂ ಕೆಲಸ ಮಾಡಿದ್ದನ್ನು ಕಂಡಿದ್ದೇವೆ. ಅಮ್ಮನ ಲೆಕ್ಕ ಸರಳ. ಹಸುವಿನ ಕೆಚ್ಚಲು, ನಾಯಿಯ ಮೊಲೆ, ಎರಡೂ ಹಾಲಿನ ಜಾಗ. ಅಲ್ಲಿ ಊತ ಇಳಿದರೆ ಇಲ್ಲೂ ಇಳಿಯಬೇಕಲ್ವಾ?

ಇಳಿಯಿತು! ಮೂರನೇ ವಾರಕ್ಕೆ ಮೊಲೆಗಳೆಲ್ಲ ಚಪ್ಪಟೆಯಾದವು. ಗಂಟಿನ ಸುತ್ತಲೂ ಮೆತ್ತಗಾಯಿತು. ಅಮ್ಮ ಎಲ್ಲರಿಗೂ ಫೋನ್ ಮಾಡಿ ಹೇಳಿದರು. ಸುಳ್ಳು ಬಸಿರಿನ ಊತ ಲೇಪ ಹಚ್ಚದಿದ್ದರೂ ಅದೇ ಮೂರು ವಾರದಲ್ಲಿ ಇಳಿಯುತ್ತಿತ್ತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಇಳಿದದ್ದು ಊತ, ಗಂಟು ಹಾಗೇ ಇತ್ತು. ಕೆಚ್ಚಲು ಬಾವು ಸೋಂಕಿನಿಂದ ಬರುವ ಉರಿಯೂತ. ಗಡ್ಡೆ ಎಂದರೆ ಜೀವಕೋಶಗಳು ಲಂಗುಲಗಾಮಿಲ್ಲದೆ ಬೆಳೆಯುವುದು. ಎರಡೂ ಕೈಗೆ ಗಟ್ಟಿಯಾಗಿಯೇ ಸಿಗುತ್ತವೆ, ಅಲ್ಲಿಗೆ ಅವುಗಳ ನೆಂಟಸ್ತಿಕೆ ಮುಗಿಯಿತು.

ಇನ್ನೊಂದು ತೊಂದರೆ. ಹಸು ತನ್ನ ಕೆಚ್ಚಲನ್ನು ನೆಕ್ಕಿಕೊಳ್ಳುತ್ತಾ ಕೂರುವುದಿಲ್ಲ, ನಾಯಿ ಕೂರುತ್ತದೆ. ಸುಣ್ಣಕ್ಕೆ ಚರ್ಮ ಕೆಂಪಾಗಿ ಕೂದಲು ಉದುರಿತು. ನೆಕ್ಕಿ ನೆಕ್ಕಿ ನಾಲಿಗೆಯೂ ಹುಣ್ಣಾಯಿತು. ಹಳೇ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ ಕುತ್ತಿಗೆಗೆ ಹಾಕಿದೆವು. ನೀಲಿ ಬಕೆಟ್ಟಿನೊಳಗಿಂದ ಬಿಳಿ ಮುಖ ಹೊರಗೆ. ಫೋಟೋ ತೆಗೆದು ನಕ್ಕೆವು ಕೂಡ.

ಪುಡಿ, ಕಷಾಯ, ಗುಳಿಗೆ

ಅಕ್ಟೋಬರ್‌ನಿಂದ ಒಂದೊಂದಾಗಿ ಸೇರುತ್ತಾ ಹೋದವು. ಪರಿಚಯದವರೊಬ್ಬರು ಹೇಳಿದ ನಾಟಿ ವೈದ್ಯರಿಂದ ತೊಗಟೆಯ ಪುಡಿ ಬಂತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಷಾಯ, ಜೊತೆಗೆ ಪಥ್ಯ: ಮೊಟ್ಟೆ ಮಾಂಸ ಕೂಡದು. ಅದೇ ವಾರ ಅಣ್ಣ ಫೋನ್ ಮಾಡಿ, ಕ್ಯಾನ್ಸರ್‌ಗೆ ಸಕ್ಕರೆಯೇ ಊಟ, ಅನ್ನ ಪೂರ್ತಿ ನಿಲ್ಲಿಸಿ ಮಾಂಸ ಮೊಟ್ಟೆ ಮಾತ್ರ ಹಾಕಿ ಎಂದ. ಒಬ್ಬರು ಅನ್ನ ಬೇಡ ಅನ್ನುತ್ತಾರೆ, ಇನ್ನೊಬ್ಬರು ಮೊಟ್ಟೆ ಬೇಡ ಅನ್ನುತ್ತಾರೆ. ನಾವು ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದೆವು. ಡಿಸೆಂಬರ್ ಹೊತ್ತಿಗೆ ರೋಸಿಯ ತೂಕ 8.2 ಕಿಲೋಗೆ ಇಳಿದಿತ್ತು. ಕ್ಯಾನ್ಸರ್ ತಿನ್ನುತ್ತಿದೆ ಎಂದುಕೊಂಡೆವು. ನಿಜವಾಗಿ ಅವಳು ಹಸಿದಿದ್ದಳು. ಊಟ ಸರಿಮಾಡಿದ ಎರಡೇ ತಿಂಗಳಲ್ಲಿ ತೂಕ ವಾಪಸು ಬಂದದ್ದು ಅದಕ್ಕೆ ಸಾಕ್ಷಿ.

ನಮ್ಮದು ಮೊಟ್ಟೆ ಒಳಗೆ ಬರದ ಮನೆ. ಹಾಗಾಗಿ ಮೊಟ್ಟೆ ಬೇಯುತ್ತಿದ್ದುದು ಬಚ್ಚಲ ಒಲೆಯಲ್ಲಿ, ಒಂದು ಮುರುಕು ಅಲ್ಯೂಮಿನಿಯಂ ಪಾತ್ರೆಯಲ್ಲಿ. ಆ ಪಾತ್ರೆಯನ್ನು ಅಮ್ಮ ಕೈಯಿಂದ ಮುಟ್ಟುತ್ತಿರಲಿಲ್ಲ. ಇಕ್ಕಳದಲ್ಲಿ ಹಿಡಿದು ನನ್ನ ಕಡೆ ದೂಡುತ್ತಿದ್ದರು.

ಕಷಾಯ ಕುಡಿಸುವುದು ಯುದ್ಧ. ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಬಿಡಬೇಕು. ವಾರ ಕಳೆಯುವುದರಲ್ಲಿ ಲೋಟದ ಸದ್ದು ಕೇಳಿದರೇ ಸಾಕು, ಅಡಿಕೆ ಚೀಲಗಳ ಸಂದಿಗೆ ನುಗ್ಗಿ ಕೂರುತ್ತಿದ್ದಳು. ಮೊದಲು ಬೆಳಿಗ್ಗೆ ಎದ್ದವರ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ನಾಯಿ ಅದು. ಪರ್ಯಾಯ ಚಿಕಿತ್ಸೆಗೆ ಅಡ್ಡ ಪರಿಣಾಮ ಇಲ್ಲ ಅನ್ನುತ್ತಾರಲ್ಲ, ಇದು ನನ್ನ ಲೆಕ್ಕದಲ್ಲಿ ಅಡ್ಡ ಪರಿಣಾಮವೇ. ನಾಲ್ಕು ತಿಂಗಳ ಬೆಳಗುಗಳು ಹಾಳಾದವು.

ಹೋಮಿಯೋಪತಿ ಗುಳಿಗೆ ಮಾತ್ರ ಅವಳಿಗೆ ಇಷ್ಟ, ಸಿಹಿ ಇರುತ್ತದಲ್ಲ. ಸೀಸೆಯ ಮೇಲೆ 30 ಎಂದಿದ್ದರೆ ನೂರಕ್ಕೊಂದು ಪಾಲಿನಂತೆ 30 ಸಲ ತೆಳುಮಾಡಿದ್ದು ಎಂದರ್ಥ. ಕೊನೆಗೆ ಮೂಲ ಔಷಧಿಯ ಒಂದು ಕಣವೂ ಉಳಿಯುವುದಿಲ್ಲ. ಅದರಿಂದ ಕೆಟ್ಟದ್ದಾಗಲಿಲ್ಲ, ಒಳ್ಳೆಯದೂ ಆಗಲಿಲ್ಲ.

ಅಣ್ಣ ಕಳಿಸಿದ ಅಣಬೆ ಪುಡಿಯ ಕತೆ ಸ್ವಲ್ಪ ಬೇರೆ. ಟರ್ಕಿ ಟೇಲ್ ಎಂಬ ಅಣಬೆ, ಮರದ ಕೊರಡಿನ ಮೇಲೆ ಪಟ್ಟೆಪಟ್ಟೆಯಾಗಿ ಏಳುವಂಥದ್ದು. ಇದರ ಹಿಂದೆ ನಿಜವಾದ ಪ್ರಯೋಗ ಇದೆ. 2012ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗುಲ್ಮದ ಕ್ಯಾನ್ಸರ್ ಇದ್ದ 15 ನಾಯಿಗಳಿಗೆ ಈ ಅಣಬೆಯ ಸಾರ ಕೊಟ್ಟು ನೋಡಿದ್ದರು. ಕೆಲವು ಎಣಿಸಿದ್ದಕ್ಕಿಂತ ಹೆಚ್ಚು ದಿನ ಬದುಕಿದವು. ಜಗತ್ತೆಲ್ಲ ಸುದ್ದಿಯಾಯಿತು, ಪುಡಿಯ ಡಬ್ಬಿಗಳು ಮಾರಾಟವಾದವು. ಆಮೇಲೆ ನೂರೊಂದು ನಾಯಿಗಳ ಮೇಲೆ ದೊಡ್ಡ ಪ್ರಯೋಗ ಮಾಡಿದಾಗ ಅದು ಕೀಮೋಗಿಂತ ಮೇಲು ಎಂದು ತೋರಲಿಲ್ಲ. ಆ ಎರಡನೇ ಸುದ್ದಿ ವಾಟ್ಸಾಪಿಗೆ ಬರಲಿಲ್ಲ. ಮೇಲಾಗಿ ಅದು ಗುಲ್ಮದ ಕಾಯಿಲೆ, ನಮ್ಮದು ಮೊಲೆಯದು. ನಾಯಿ ಕ್ಯಾನ್ಸರ್ ಎಂದರೆ ಒಂದೇ ಕಾಯಿಲೆ ಎಂದುಕೊಂಡದ್ದು ನಮ್ಮ ದಡ್ಡತನ.

ಬೆಳ್ಳುಳ್ಳಿಯದು ದಡ್ಡತನಕ್ಕಿಂತ ದೊಡ್ಡದು. ಅರಿಶಿನ, ಕೊಬ್ಬರಿ ಎಣ್ಣೆ, ಕಾಳುಮೆಣಸು ಸೇರಿಸಿ ಕುದಿಸಿದ ಲೇಹ್ಯ ಮಾಡುತ್ತಿದ್ದೆವು. ಅರಿಶಿನ ಬರೀ ತಿಂದರೆ ಮೈಗೆ ಹತ್ತುವುದು ಬಹಳ ಕಡಿಮೆ, ಮೆಣಸು ಸೇರಿಸಿದರೆ ಸ್ವಲ್ಪ ಜಾಸ್ತಿ. ಅಲ್ಲಿಯವರೆಗೆ ಸರಿ. ಅದಕ್ಕೆ ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿ ಎಂದು ಯಾರೋ ಹೇಳಿದರು, ಹಾಕಿದೆವು. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಜನವರಿಯಲ್ಲಿ ಒಂದು ದಿನ ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿತ್ತು. ಊರಿನ ಡಾಕ್ಟರ್ ಬೆಳ್ಳುಳ್ಳಿಯೇ ಕಾರಣ ಎಂದು ಗಟ್ಟಿಯಾಗಿ ಹೇಳಲಿಲ್ಲ. ಆದರೆ ಅವತ್ತೇ ನಿಲ್ಲಿಸಿ ಎಂದರು. "ಇನ್ನೇನೇನು ಕೊಡ್ತಿದ್ದೀರಿ?" ಎಂದು ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು. ನಾಲ್ಕು ತಿಂಗಳಲ್ಲಿ ಒಂದನ್ನೂ ಅವರಿಗೆ ಹೇಳಿರಲಿಲ್ಲ.

ದಾರ

ಈಗ ಈ ಪ್ರಕರಣದ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಹತ್ತಿರ ಅಳತೆ ಇತ್ತು. ಅದೇ ಬೇಜಾರು.

ಲೇಪ ಶುರುವಾದಾಗಲೇ ಅಪ್ಪ ಅಮ್ಮನಿಗೆ ಜಗಳ. ಅಮ್ಮ ಕಡಿಮೆಯಾಗಿದೆ ಎನ್ನುವುದು, ಅಪ್ಪ ಇಲ್ಲ ಎನ್ನುವುದು. ಅದನ್ನು ತೀರ್ಮಾನಿಸಲು ಅಮ್ಮ ಹೂ ಕಟ್ಟುವ ದಾರ ತಂದರು. ರೋಸಿಯನ್ನು ಮಲಗಿಸಿ, ಗಂಟಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾರ ಹಿಡಿದು ಉಗುರಿನಲ್ಲಿ ಗುರುತು ಮಾಡಿ ಕತ್ತರಿಸುವುದು. ಆ ತುಂಡನ್ನು ಅನ್ನದ ಅಗುಳು ಹಚ್ಚಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ಸೋಮವಾರದ ಚೌಕಕ್ಕೆ ಅಂಟಿಸುವುದು. ಪಕ್ಕದಲ್ಲೇ ಹಾಲಿನ ಲೆಕ್ಕ, ಏಕಾದಶಿ, ಸಿಲಿಂಡರ್ ಬಂದ ದಿನ. ಒಂದು ಸೋಮವಾರವೂ ತಪ್ಪಲಿಲ್ಲ.

ಆದರೆ ಪ್ರತಿ ಸಲ ಹೋಲಿಸುತ್ತಿದ್ದುದು ಹಿಂದಿನ ವಾರದ ತುಂಡಿನ ಜೊತೆ ಮಾತ್ರ. ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸ. ಅಷ್ಟು ದಾರದ ದಪ್ಪದಲ್ಲೇ ಹೋಗುತ್ತದೆ. "ಹಾಗೇ ಇದೆ" ಎನ್ನುವುದು, ಸಮಾಧಾನ ಮಾಡಿಕೊಳ್ಳುವುದು. ತಿಂಗಳು ಮುಗಿದರೆ ಹಾಳೆ ಮಗುಚುವುದು. ವರ್ಷ ಮುಗಿದಾಗ ಹೊಸ ಕ್ಯಾಲೆಂಡರ್ ಬಂತು, ಹಳೆಯದು ಅದೇ ಮೊಳೆಯಲ್ಲಿ ಹಿಂದಕ್ಕೆ ಹೋಯಿತು.

2022ರ ಫೆಬ್ರವರಿ 7, ಸೋಮವಾರ. ಬೆಳ್ಳುಳ್ಳಿ ಘಟನೆಯ ನಂತರ ನನಗೆ ಏನೋ ಕಸಿವಿಸಿ. ಹಳೇ ಕ್ಯಾಲೆಂಡರ್ ಇಳಿಸಿ ಸೆಪ್ಟೆಂಬರ್ ಹಾಳೆ ತೆಗೆದೆ. 20ನೇ ತಾರೀಕಿನ ತುಂಡನ್ನು ಕಿತ್ತು ಅವತ್ತಿನ ತುಂಡಿನ ಪಕ್ಕ ಇಟ್ಟೆ. ಸ್ಕೇಲಿನಲ್ಲಿ ಅಳೆದರೆ ಆಗಿನದು 1.2 ಸೆಂಟಿಮೀಟರ್, ಈಗಿನದು 3.4. ಹಳೆಯದು ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಹೊಸದು ಎರಡು ಗೆಣ್ಣಿನಷ್ಟು. ಉದ್ದ ಮೂರು ಪಟ್ಟು ಆಗಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಗುಂಡಗಿರುವ ವಸ್ತುವಿನ ಅಡ್ಡಳತೆ ಎರಡು ಪಟ್ಟಾದರೆ ಒಳಗಿನ ಗಾತ್ರ ಎಂಟು ಪಟ್ಟಾಗುತ್ತದೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಪಟ್ಟಿಗೂ ಜಾಸ್ತಿ.

ಎರಡು ತುಂಡುಗಳನ್ನೂ ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಹೋದೆ. ಅಮ್ಮ ನೋಡಿದರು. ಏನೂ ಹೇಳಲಿಲ್ಲ. ಡಬ್ಬಿ ಎತ್ತಿ ಕೆಳಗಿದ್ದ ಚೀಟಿ ತೆಗೆದುಕೊಟ್ಟರು.

ಶಿವಮೊಗ್ಗದಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಎರಡು ಪಕ್ಕ ಮಲಗಿಸಿ ಒಂದೊಂದು, ಬೆನ್ನ ಮೇಲೆ ಒಂದು. ಒಂದೇ ಭಂಗಿಯಲ್ಲಿ ತೆಗೆದರೆ ಸಣ್ಣ ಗಂಟು ಮರೆಯಾಗಿ ಉಳಿಯಬಹುದಂತೆ. ಶ್ವಾಸಕೋಶ ಸ್ವಚ್ಛವಾಗಿತ್ತು. ಈ ಸಲ ನಾವು ಕೊಡುತ್ತಿದ್ದುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಪೂರ್ತಿ ಓದಿ ಮೊದಲು ಅರಿಶಿನಕ್ಕೆ ಗೀಟು ಹಾಕಿದರು. ಅದು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡ ಬರಬಹುದು, ಆಪರೇಷನ್‌ಗೆ ಎರಡು ವಾರ ಮೊದಲೇ ನಿಲ್ಲಿಸಿ ಎಂದರು. ಫೆಬ್ರವರಿ ಕೊನೆಯಲ್ಲಿ ಆಪರೇಷನ್. ಎಡಗಡೆಯ ಕೊನೆಯ ಎರಡು ಮೊಲೆ, ಪಕ್ಕದ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದರು, ಗರ್ಭಕೋಶವನ್ನೂ ತೆಗೆದರು. ಅಪ್ಪ ಹೆದರಿದ್ದ ಅರಿವಳಿಕೆ ಏನೂ ಮಾಡಲಿಲ್ಲ. ಸಂಜೆಗೆ ಎದ್ದು ಕಾರಿನ ಸೀಟಿನ ಮೇಲೆ ಉಚ್ಚೆ ಹೊಯ್ದಳು.

ತುಂಡನ್ನು ಪರೀಕ್ಷೆಗೆ ಕಳಿಸಿದ್ದರು. ಹನ್ನೆರಡು ದಿನಕ್ಕೆ ವರದಿ: ಕ್ಯಾನ್ಸರ್, ಎರಡನೇ ದರ್ಜೆ. ಕತ್ತರಿಸಿದ ಅಂಚುಗಳು ಸ್ವಚ್ಛ, ಆದರೆ ಗ್ರಂಥಿಯೊಳಗೆ ಕ್ಯಾನ್ಸರ್ ಕಣಗಳು ಇವೆ. ಅಂದರೆ ಅದು ಆಗಲೇ ಪ್ರಯಾಣ ಶುರುಮಾಡಿತ್ತು. ಸೆಪ್ಟೆಂಬರ್‌ನಲ್ಲೇ ತೆಗೆಸಿದ್ದರೆ ಗ್ರಂಥಿ ಸ್ವಚ್ಛ ಇರುತ್ತಿತ್ತಾ ಎಂದು ಕೇಳಿದೆ. "ಅದನ್ನು ಯಾರೂ ಹೇಳಕ್ಕಾಗಲ್ಲ" ಎಂದರು ಡಾಕ್ಟರ್. ಒಳ್ಳೆಯವರು. ಕೀಮೋ ಬಗ್ಗೆಯೂ ಮಾತಾಡಿದರು. ಮೊಲೆಯ ಕ್ಯಾನ್ಸರ್‌ನಲ್ಲಿ ಆಪರೇಷನ್ ನಂತರದ ಕೀಮೋದಿಂದ ನಾಯಿಗಳಿಗೆ ಎಷ್ಟು ಲಾಭ ಎಂಬುದು ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ನಾವು ಬೇಡ ಎಂದೆವು. ಆ ನಿರ್ಧಾರದ ಬಗ್ಗೆ ನನಗೆ ಬೇಸರವಿಲ್ಲ.

ಗರ್ಭಕೋಶದ ಮಾತು ಬಂತಲ್ಲ, ಒಂದು ಲೆಕ್ಕ ಹೇಳಿಬಿಡುತ್ತೇನೆ. 1969ರಲ್ಲಿ ಅಮೆರಿಕದಲ್ಲಿ ನಡೆದ ಹಳೆಯ ಅಧ್ಯಯನವೊಂದಿದೆ. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸದ ನಾಯಿಗೆ ಈ ಕ್ಯಾನ್ಸರ್‌ನ ಅಪಾಯ ನೂರು ಎಂದಿಟ್ಟುಕೊಂಡರೆ, ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಬರೀ 0.5, ಒಂದು ಬೆದೆಯ ನಂತರವಾದರೆ 8, ಎರಡು ಅಥವಾ ಹೆಚ್ಚು ಬೆದೆಯಾದ ಮೇಲೆ 26. ಈ ಅಂಕಿಗಳ ಬಗ್ಗೆ ಆಮೇಲೆ ತಜ್ಞರು ತಕರಾರು ತೆಗೆದಿದ್ದಾರೆ, ಸಾಕ್ಷ್ಯ ಅಷ್ಟು ಗಟ್ಟಿಯಲ್ಲ ಎಂದು. ಆದರೂ ಬೇಗ ಮಾಡಿಸಿದಷ್ಟು ಒಳ್ಳೆಯದು ಎಂದೇ ಹೆಚ್ಚಿನ ಡಾಕ್ಟರುಗಳು ಹೇಳುವುದು.

ಹತ್ತೂವರೆ ತಿಂಗಳು, ಆಮೇಲೆ

ಆಪರೇಷನ್ ನಂತರದ ದಿನಗಳಲ್ಲಿ ಮನೆಮದ್ದು ಪೂರ್ತಿ ಹೋಗಲಿಲ್ಲ, ಜಾಗ ಬದಲಾಯಿಸಿತು. ಹೊಲಿಗೆಯ ಒಂದು ಕಡೆ ಬಿಟ್ಟುಕೊಂಡು ಗಾಯ ಒದ್ದೆಯಾದಾಗ ಡಾಕ್ಟರನ್ನು ಕೇಳಿಯೇ ಜೇನುತುಪ್ಪದ ಪಟ್ಟಿ ಹಾಕಿದೆವು. ಜೇನು ಗಾಯದ ನೀರು ಹೀರುತ್ತದೆ, ಸೂಕ್ಷ್ಮಾಣುಗಳನ್ನು ಬೆಳೆಯಗೊಡುವುದಿಲ್ಲ. ಇದನ್ನು ಆಸ್ಪತ್ರೆಗಳೂ ಬಳಸುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ಗಾಯಕ್ಕೆ ಹುಳ ಬೀಳುವುದು ಅರ್ಧ ದಿನದ ಕೆಲಸ. ಕರ್ಪೂರ ಹಾಕುವ ರೂಢಿ ಇದೆ, ಆದರೆ ನಾಯಿ ನೆಕ್ಕಿದರೆ ಅದು ವಿಷ. ಬಕೆಟ್ಟಿನ ಕೊಳವೆ ಮತ್ತೆ ಹೊರಬಂತು.

ಕಷಾಯ ನಿಂತ ಮೂರನೇ ದಿನ ರೋಸಿ ಬೆಳಿಗ್ಗೆ ಅಡಿಕೆ ಚೀಲದ ಸಂದಿಯಿಂದ ತಾನಾಗಿ ಬಂದು ಅಮ್ಮನ ಕಾಲಿಗೆ ಸುತ್ತಿಕೊಂಡಳು. ಆ ವರ್ಷದ ಮಳೆಗಾಲ, ದೀಪಾವಳಿ ಎಲ್ಲ ಚೆನ್ನಾಗಿಯೇ ಕಳೆಯಿತು. ಹೇಳಲು ಹೆಚ್ಚೇನಿಲ್ಲ.

2023ರ ಜನವರಿಯಲ್ಲಿ ಕೆಮ್ಮು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುಂಬ ನಾಣ್ಯ ಚೆಲ್ಲಿದ ಹಾಗೆ ದುಂಡು ದುಂಡು ಕಲೆ. ಇನ್ನು ಕತ್ತಿಯೂ ಇಲ್ಲ, ತೊಗಟೆಯೂ ಇಲ್ಲ. ಅಣ್ಣ ಮತ್ತೊಂದು ಹೆಸರು ಹುಡುಕಿದ್ದ. ನಾಯಿಗೆ ಕೊಡುವ ಜಂತುಹುಳದ ಮಾತ್ರೆಯನ್ನು ಅಮೆರಿಕದಲ್ಲಿ ಕ್ಯಾನ್ಸರ್‌ಗೆಂದು ಮನುಷ್ಯರೇ ನುಂಗುತ್ತಾರಂತೆ. ಅಪ್ಪ ಫೋನ್ ಇಸಿದುಕೊಂಡು, "ಸಾಕು ಮಾರಾಯ, ನೀನು ಊರಿಗೆ ಬಂದು ಅದನ್ನ ನೋಡಿಕೊಂಡು ಹೋಗು" ಎಂದರು. ಅಣ್ಣ ಬಂದ. ನಾಲ್ಕು ದಿನ ಇದ್ದ.

ಡಾಕ್ಟರ್ ಹೇಳಿಕೊಟ್ಟ ಒಂದು ಕೆಲಸ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ನಾಯಿ ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷ ಪಕ್ಕೆ ಎಷ್ಟು ಸಲ ಏಳುತ್ತದೆ ಎಂದು ಎಣಿಸುವುದು. ಮೂವತ್ತರ ಒಳಗಿದ್ದರೆ ಸರಿ. ಅದನ್ನು ಅದೇ ಕ್ಯಾಲೆಂಡರಿನಲ್ಲಿ ಬರೆದೆವು, ಮೇಲೆ ಮೂಲೆಯಲ್ಲಿ ಮೊದಲ ದಿನದ ಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ದೊಡ್ಡದಾಗಿ: 26. ಪ್ರತಿ ದಿನದ್ದನ್ನೂ ಅದರ ಜೊತೆಗೇ ಹೋಲಿಸುವುದು ಎಂದು ಮಾತಾಗಿತ್ತು. ನೋವಿಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಮಾತ್ರ. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆ, ಮೂತ್ರಪಿಂಡ, ಯಕೃತ್ತು ಯಾವುದನ್ನಾದರೂ ಹಾಳುಮಾಡಬಹುದು. ಊಟ ಮೂಸಿ ಬಿಟ್ಟರೆ ಸ್ವಲ್ಪ ಬೆಚ್ಚಗೆ ಮಾಡಿ ಇಡುವುದು, ಪರಿಮಳಕ್ಕೆ ಎರಡು ತುತ್ತಾದರೂ ತಿನ್ನುತ್ತಿದ್ದಳು. ರಾತ್ರಿ ಬಿಸಿನೀರಿನ ಚೀಲ, ಗೋಣಿತಾಟಿನ ಮೇಲೆ ಅಮ್ಮನ ಹಳೇ ಸೀರೆ.

ಮಾರ್ಚ್ ಮೊದಲ ವಾರ 38. ಮುಂದಿನ ವಾರ 47. ಆಮೇಲೆ ಮಲಗಲೇ ಆಗದೆ, ಮುಂಗಾಲು ಅಗಲಿಸಿ ಕೂತೇ ತೂಕಡಿಸುತ್ತಿದ್ದಳು. ಒಂದು ಬೆಳಿಗ್ಗೆ 58 ಎಂದು ಬರೆದ ಅಪ್ಪ, ಪೆನ್ನು ಹಿಡಿದುಕೊಂಡೇ ಡಾಕ್ಟರಿಗೆ ಫೋನ್ ಮಾಡಿದರು. ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಕಳಿಸಿಕೊಡಲು ಅಮ್ಮ ಒಪ್ಪುತ್ತಾರೋ ಇಲ್ಲವೋ ಎಂದು ನಮಗೆಲ್ಲ ಹೆದರಿಕೆಯಿತ್ತು. ಅವರು ಕೇಳಿದ್ದು ಎಷ್ಟು ಗಂಟೆಗೆ ಬರುತ್ತಾರೆ ಎಂದು ಮಾತ್ರ.

ನಾಲ್ಕು ಗಂಟೆಗೆ ಎಂದೆ. ಮೂರೂವರೆಗೆ ಅಮ್ಮ ಮೊಟ್ಟೆ ಬೇಯಿಸಿದರು. ಬಚ್ಚಲ ಒಲೆಯಲ್ಲಲ್ಲ. ಒಳಗೆ, ಗ್ಯಾಸಿನ ಮೇಲೆ, ನಾವು ಹಾಲು ಕಾಯಿಸುವ ಪಾತ್ರೆಯಲ್ಲಿ. ಸಿಪ್ಪೆಯನ್ನೂ ಅವರೇ ಕೈಯಾರೆ ಸುಲಿದರು.